ರಿವರ್ಸ್

ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಬಾಜು, ಪಂಕ್ಚರ್ ಅಂಗಡಿ ಮುಂದೆ ಗದಗ ಬಸ್ಸಿಗೆ ಕಾಯುತ್ತಿದ್ದೆ. ಕಿಟಕಿಗೆ ಪರದೆ ಕಟ್ಟಿದ ಟೆಂಪೋ ಬಂದು ನಿಂತಿತು. ಒಳಗೆ ಮಂಚ, ಗ್ಯಾಸಿನ ಒಲೆ, ಪಾತ್ರೆ. ಇಳಿದವರು ಒಬ್ಬರೇ, ವಯಸ್ಸಾದವರು.

“ನಮಸ್ಕಾರ್ರಿ ಮಾಸ್ತರ್ರ. ಈ ಸಲ ಎಲ್ಲಿ ತಿರಗ್ಯಾಡಿ ಬಂದ್ರಿ?” ಅಂಗಡಿಯ ದಾವಲಸಾಬ ಗಾಲಿಗೆ ಗಾಳಿ ಹಾಕುತ್ತ ಕೇಳಿದ.

“ರಾಜಸ್ಥಾನಕ್ಕ ಹೋಗಿದ್ವಿ.”

“ರಿಟೈರ್ ಆದಮ್ಯಾಲೆ ಮನೀನ ಗಾಲಿ ಮ್ಯಾಲೆ ಇಟಗೊಂಡು ಅಡ್ಡಾಡೂದು ನಿಮ್ಮಿಬ್ಬರಿಗೇ ಜಮಾಸ್ತದ ನೋಡ್ರಿ. ಅಕ್ಕಾರು ಒಳಗ ಮಲಗ್ಯಾರೇನು?”

“ಇಲ್ಲಪಾ. ಅಲ್ಲೇ ತೀರಕೊಂಡ್ಲು. ಚಾಕ್ಕ ನೀರಿಟ್ಟಿದ್ಲು, ಹಂಗ ಕುಸದ್ಲು.”

ದಾವಲಸಾಬ ಗಾಳಿ ಹಾಕುವುದನ್ನು ನಿಲ್ಲಿಸಿದ.

“ಮತ್ತ ಅಷ್ಟು ದೂರದಿಂದ ಒಬ್ಬರೇ ಹೊಡಕೊಂಡು ಬಂದ್ರಿ?”

“ಮುಂದ ಹೊಡೀಲಿಕ್ಕೆ ತ್ರಾಸಿಲ್ಲೋ. ರಿವರ್ಸ್ ತಗೊಳ್ಳೂದೇ ಆಗವಲ್ದು. ಹಿಂದ ನಿಂತು ಹೇಳಾಕಿ ಅಕಿನೇ ಇದ್ಲು.”

ಅಷ್ಟರಲ್ಲಿ ಟೆಂಪೋದ ಮುಂದೆ ಬಸ್ಸೊಂದು ಬಂದು ಅಡ್ಡ ನಿಂತಿತು.

“ಹಿಂದ ನಾ ನಿಲ್ತೇನಿ. ನೀವು ಹತ್ರಿ,” ಅಂದ ದಾವಲಸಾಬ.

ಮಾಸ್ತರು ಹತ್ತಿದರು. ಅವನು ಹಿಂದೆ ಹೋಗಿ ಗಾಡಿ ತಟ್ಟಿದ.

“ಬರ್ರಿ, ಬರ್ರಿ, ಬರ್ರಿ.”

ಗಾಡಿ ಒಂದು ಮಾರು ಹಿಂದೆ ಬಂದು ನಿಂತಿತು. ಎಂಜಿನ್ನೂ ಬಂದ್ ಆಯಿತು.

“ಯಾಕ್ರೀ? ಇನ್ನೂ ಜಾಗಾ ಐತಲ್ಲ.”

ಮಾಸ್ತರು ತಿರುಗಿ ನೋಡಲಿಲ್ಲ. ಕಿಟಕಿಯಿಂದ ದನಿ ಮಾತ್ರ ಬಂತು.

“‘ಬರ್ರಿ’ ಅನಬ್ಯಾಡಪಾ. ಹಂಗ ಅಕಿ ನನ್ನ ಕರೀತಿದ್ಲು. ನೀ ಗಾಡಿಗೆ ಹೇಳು. ‘ಬರ್ಲಿ’ ಅನ್ನು.”

ಎಂಜಿನ್ ಮತ್ತೆ ಶುರುವಾದ ಮೇಲೆ ದಾವಲಸಾಬ ಗಾಡಿ ತಟ್ಟಿದ.

“ಬರ್ಲಿ,” ಅಂದ, ಸಣ್ಣ ದನಿಯಲ್ಲಿ. “ಬರ್ಲಿ... ಬರ್ಲಿ...”

ಗಾಡಿ ಮೆಲ್ಲಗೆ ರಸ್ತೆಗಿಳಿದು ಹುಬ್ಬಳ್ಳಿ ಕಡೆ ಹೋಯಿತು.