ಮೂರು ಸಲ ಬಡಿದರೆ ಎಳೆಯಬೇಕು

ಇದು ಅವರಿವರು ಹೇಳಿದ್ದನ್ನು ಕೇಳಿ ಹೇಳುವ ಮಾತಲ್ಲ. ಸೂಡಿಯಲ್ಲಿ ನಮ್ಮ ರೇಣವ್ವ ದೊಡ್ಡವ್ವನ ಮಗ ಮುತ್ತಣ್ಣನ ಮನೆಯಲ್ಲಿ, ಹೋದ ವರ್ಷ ಆದದ್ದು. ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳುವುದು ನನಗೆ ಬೇಡ.

ಮುತ್ತಣ್ಣನದು ಗಜೇಂದ್ರಗಡದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟನ್ನು ಮೂಸಿ ನೋಡಿಯೇ ರೋಗ ಹೇಳುವ ಮನುಷ್ಯ. ಯಾರಾದರೂ ದೆವ್ವದ ಸುದ್ದಿ ತೆಗೆದರೆ, "ಅದರ ಅರ್ಥಿಂಗ್ ಎಲ್ಲೈತಿ ತೋರಸ್ರಿ, ಆಮ್ಯಾಲೆ ಅಂಜತೀನಿ" ಎಂದು ನಗುತ್ತಿದ್ದ.

ಆವತ್ತು ಅವನ ಬೈಕು ಗ್ಯಾರೇಜಿನಲ್ಲಿತ್ತು. ಕೊನೆಯ ಬಸ್ಸಿಗೆ ಬಂದು ಊರ ಹೊರಗೆ ಇಳಿದು, ಹಳೇ ಬಾವಿಯ ಪಕ್ಕದ ದಾರಿ ಹಿಡಿದ. ಕರೆಂಟು ಹೋಗಿತ್ತು. ಊರಿಗೆ ಊರೇ ಕಪ್ಪು... ಬಾವಿಯ ಹತ್ತಿರ ಬಂದಾಗ ಕೇಳಿಸಿತು.

ಧಪ್... ಧಪ್... ಧಪ್.

ಕಿವಿಗಿಂತ ಮೊದಲು ಹಿಮ್ಮಡಿಗೆ ತಿಳಿಯಿತು. ಜೋಳ ತುಂಬಿದ ಚೀಲವನ್ನು ನೆಲಕ್ಕೆ ಕುಕ್ಕಿದ ಹಾಗೆ, ಆದರೆ ನೆಲದ ಕೆಳಗಿನಿಂದ. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಮೂರು.

ಹೆದರಿದ ಅಂದುಕೊಂಡಿರಾ? ಹೆಮ್ಮೆಪಟ್ಟ! ನಮ್ಮ ಮನೆಯ ಹೊಸ ವೂಫರ್ ಸ್ಪೀಕರು ಬಾವಿವರೆಗೂ ಬಡಿಯುತ್ತದಲ್ಲ ಎಂದು ಮೀಸೆ ತಿರುವಿ ಹತ್ತು ಹೆಜ್ಜೆ ನಡೆದ. ಹನ್ನೊಂದನೆಯದಕ್ಕೆ ಕಾಲು ಏಳಲಿಲ್ಲ. ಕರೆಂಟೇ ಇಲ್ಲ... ವೂಫರ್ ಹೇಗೆ ಬಡಿದೀತು?

ಆ ವೂಫರಿನ ಸುದ್ದಿ ಹೇಳದೆ ಮುಂದೆ ಹೋಗಲಾಗದು. ದೊಡ್ಡವ್ವನಿಗೆ ಕಿವಿ ಕೇಳದೆ ಏಳೆಂಟು ವರ್ಷವಾಗಿತ್ತು. ಕಿವಿಯ ಮಶಿನ್ ಹಾಕಿದರೆ ಕಿತ್ತು ಒಗೆಯುತ್ತಿದ್ದಳು. ಟಿವಿ ಮುಂದೆ ಎಲ್ಲರೂ ನಕ್ಕಾಗ, ತಾನೂ ಒಂದು ಗಳಿಗೆ ತಡವಾಗಿ ನಗುತ್ತಿದ್ದಳು. ಅದನ್ನು ನೋಡಲಾರದೆ ಮುತ್ತಣ್ಣ ಎದ್ದು ಹೋಗುತ್ತಿದ್ದ. ಅವ್ವನಿಗೆ ಮತ್ತೊಮ್ಮೆ ಸಿನಿಮಾ ಕೇಳಿಸಬೇಕು... ಅಷ್ಟೇ ಅವನ ಹುಚ್ಚು.

ಹಿತ್ತಲ ಕಡೆಯ ಹಳೇ ಕೋಣೆಗೆ ಟೈಲ್ಸ್ ಹಾಕಿಸಿದ. ಕಿಟಕಿ ಮುಚ್ಚಿಸಿದ. ಗೋಡೆಗೆ ಫೋಮು, ದಪ್ಪ ಬಾಗಿಲು, ಬಾಗಿಲಿನ ಸುತ್ತ ರಬ್ಬರು. ಒಳಗಿನ ಸಪ್ಪಳ ಹೊರಗಿಲ್ಲ, ಹೊರಗಿನ ಗಾಳಿ ಒಳಗಿಲ್ಲ. ನಮ್ಮ ಕಡೆ ಹಳೇ ಮನೆಯ ನೆಲ ಮುಟ್ಟುವ ಮೊದಲು ಕೆಳಗೆ ಹಗೇವು ಇದೆಯೇ ಎಂದು ಹಿರಿಯರನ್ನು ಕೇಳುತ್ತಾರೆ. ಹಗೇವು ಅಂದರೆ ಜೋಳ ಕೂಡಿಡಲು ನೆಲದಲ್ಲಿ ತೋಡಿದ ಕುಣಿ, ಆಳುದ್ದ, ಮೇಲೆ ಕಲ್ಲಿನ ಮುಚ್ಚಳ. ಮುತ್ತಣ್ಣ ಕೇಳಲಿಲ್ಲ. ಕೆಪ್ಪಿ ಮುಂದೆ ಕೂಗಿ ಕೇಳುವವರಾರು ಎಂದು ಬಿಟ್ಟ. ಅವಳೂ ಹೇಳಲಿಲ್ಲ.

ಮೊದಲು ಎಂಟು ಇಂಚಿನ ಸಬ್‌ವೂಫರ್ ತಂದ. ದೊಡ್ಡವ್ವ ಅಂಗೈ ಇಟ್ಟು, "ಬೆಕ್ಕು ಗುರುಗುಟ್ಟಿದಂಗ ಆಕೈತಿ" ಎಂದು ನಕ್ಕಳು. ಆ ನಗು ಸಾಕಾಗಿತ್ತು ಅವನಿಗೆ. ಹನ್ನೆರಡು ಇಂಚಿನದು ಬಂತು. "ಗಾಡಿ ಬಂತೇನೋ!" ಎಂದು ಬಾಗಿಲ ಕಡೆ ತಿರುಗಿದಳು. ಅವತ್ತು ಮುತ್ತಣ್ಣ ಕಣ್ಣು ಒರೆಸಿಕೊಂಡನಂತೆ. ಮೂರನೆಯದಕ್ಕೆ ಮದುವೆಮನೆಗಳಿಗೆ ಸೌಂಡು ಹಾಕುವ ಗೆಳೆಯ ರಮಜಾನಸಾಬನನ್ನು ಕರೆದ.

"ಬರೇ ಗದ್ದಲ ಬೇಕಾ, ಆಳ ಬೇಕಾ?" ರಮಜಾನಸಾಬ ಕೇಳಿದ. "ಗದ್ದಲಕ್ಕ ತೂತಿನ ಪೆಟ್ಟಿಗಿ ಚಲೋ. ಆಳ ಬೇಕಂದ್ರ ಮುಚ್ಚಿದ ಪೆಟ್ಟಿಗಿ, ಹದಿನೈದು ಇಂಚು. ಇಪ್ಪತ್ತು ಹರ್ಟ್ಜ್‌ಕಿಂತ ಕೆಳಗ ಇಳೀತೈತಿ. ಆ ಸಪ್ಪಳ ಕಿವಿಗಲ್ಲೋ ಮುತ್ತಣ್ಣ, ಎಲುವಿಗೆ."

"ಅದ ಬೇಕು," ಎಂದ ಮುತ್ತಣ್ಣ.

ಎಲ್ಲಿಡಬೇಕು ಎಂದು ಹುಡುಕುವುದಕ್ಕೆ ಒಂದು ಪದ್ಧತಿ ಇದೆ. ಕೂರುವ ಜಾಗದಲ್ಲಿ ವೂಫರ್ ಇಟ್ಟು, ತಾನು ನೆಲದ ಮೇಲೆ ಅಂಬೆಗಾಲಿಡುತ್ತ ಕೇಳಬೇಕು. ಎಲ್ಲಿ ಸಪ್ಪಳ ತುಂಬಿ ಬರುತ್ತದೋ ಅಲ್ಲಿ ವೂಫರ್ ತಂದಿಡಬೇಕು. ನಲವತ್ತು ದಾಟಿದ ಮುತ್ತಣ್ಣ ಕೂಸಿನ ಹಾಗೆ ಹರಿದಾಡಿದ. ಮೂಲೆಗಳಲ್ಲಿ ಏನಿಲ್ಲ. ನಟ್ಟನಡುವೆ ಬಂದಾಗ ಎದೆಯೊಳಗೆ ಗುದ್ದಿದ ಹಾಗಾಯಿತು.

ರಮಜಾನಸಾಬ ತಲೆ ಕೆರೆದುಕೊಂಡ. "ಕೋಣಿ ನಡುವ ಬೇಸ್ ಸಪ್ಪಳ ಸಾಯ್ತೈತಿ, ಏಳೂದಿಲ್ಲ. ಕೆಳಗೇನರ ಪೊಳ್ಳ ಐತೇನೋ?"

ಮುತ್ತಣ್ಣ ನಕ್ಕು ಅಲ್ಲೇ ಇಟ್ಟ.

ಆ ರಾತ್ರಿ ಹದಿನೈದು ಇಂಚಿಗೆ ದೊಡ್ಡವ್ವ ನಗಲಿಲ್ಲ. ಕೈ ಎತ್ತಿ, ಬಂದ್ ಮಾಡು ಅಂದಳು. ಮಾಡಿದ. ಅವಳು ಕೆಳಗೆ ಕುಳಿತು ಟೈಲ್ಸಿನ ಮೇಲೆ ಅಂಗೈ ಇಟ್ಟಳು. ತೆಗೆಯಲೇ ಇಲ್ಲ.

ಅದಾಗಿ ನಾಲ್ಕನೆಯ ದಿನವೇ ಬಾವಿಯ ಹತ್ತಿರದ ಆ ರಾತ್ರಿ. ಮುತ್ತಣ್ಣ ಓಡುತ್ತ ಮನೆಗೆ ಬಂದ. ಅವ್ವ ಆ ಕೋಣೆಯಲ್ಲಿ ಕತ್ತಲಲ್ಲಿ ಕುಳಿತಿದ್ದಳು, ಕೈ ನೆಲದ ಮೇಲೆ.

"ಬಡ್ಯಾಕತ್ತಾನ..." ಎಂದಳು, ಪಿಸುಮಾತಿನಲ್ಲಿ. "ಮೂರು ಸಲ."

"ಯಾರಬೇ?" ಅವನು ಅವಳ ಕಿವಿಗೆ ಬಾಯಿಟ್ಟು ಕೇಳಿದ.

"ನಿಮ್ಮ ಕಾಕಾ. ಬೀರಲಿಂಗ."

ಅಂಥ ಕಾಕಾ ಒಬ್ಬನಿದ್ದ ಎಂದು ಮುತ್ತಣ್ಣನಿಗೆ ಗೊತ್ತು. ಅವನು ಹುಟ್ಟುವ ಮೊದಲೇ ಹಗೇವಿನಲ್ಲಿ ಉಸಿರು ಕಟ್ಟಿ ಸತ್ತವನು. ಯಾವ ಹಗೇವು ಎಂದು ಯಾರೂ ಹೇಳಿರಲಿಲ್ಲ.

"ನಾ ಹೊಸಾ ಮದುಮಗಳು," ಎಂದಳು. "ಹಗೇವಿನ ಬಾಯಿ ತಗದು ಒಂದಿನ ಗಾಳಿಗೆ ಬಿಡಬೇಕು. ಕಂದೀಲ ಇಳಿಸಿ ನೋಡಬೇಕು. ದೀಪ ಆರಿದ್ರ ಇಳೀಬಾರದು. ನಾನ ಅವಸರ ಮಾಡಿದ್ನಿ... ಜ್ವಾಳ ಬೇಕಾಗಿತ್ತು. ಇಳಿ ಮೈದುನಾ, ಅಂದ್ನಿ. ಹಗ್ಗ ನನ್ನ ಕೈಯಾಗಿತ್ತು. ಅಂವ ಕೆಳಗಿಂದ ಮೂರು ಸಲ ಬಡದ್ರ ಎಳೀಬೇಕು."

"ಅಂವ ಬಡೀಲಿಲ್ಲೇನಬೇ?" ಮತ್ತೆ ಅವಳ ಕಿವಿಗೇ ಕೇಳಿದ.

"ಬಡೀಲಿಲ್ಲಂತ ಹೇಳಿದ್ನಿ. ಎಲ್ಲಾರ ಮುಂದ... ಬಡದ್ನೋ ಮುತ್ತಣ್ಣ. ಕೇಳ್ತು. ಒಲಿ ಮ್ಯಾಲೆ ಹಾಲು ಉಕ್ಕಾಕತ್ತಿತ್ತು. ಇಳಿಸಿ ಬರ್ತೀನಿ ಅಂತ ಹಗ್ಗ ಬಿಟ್ಟು ಹೋದ್ನಿ."

ಮುತ್ತಣ್ಣನ ಅಂಗಾಲಿನ ಕೆಳಗೆ... ಧಪ್... ಧಪ್... ಧಪ್.

ಮರುದಿನವೇ ವೂಫರನ್ನು ರಮಜಾನಸಾಬನ ಗೋಡೌನಿಗೆ ಸಾಗಿಸಿದ. ಬಡಿತ ನಿಲ್ಲಲಿಲ್ಲ. ಫೋಮು ಕಿತ್ತ, ವೈರು ಕಿತ್ತ, ಮೇನ್ ಸ್ವಿಚ್ಚೇ ಇಳಿಸಿದ. ನಿಲ್ಲಲಿಲ್ಲ. ಸುಟ್ಟ ಮೋಟಾರಿಗೆ ಜೀವ ತುಂಬುವವನಿಗೆ ಒಂದು ಸಪ್ಪಳ ನಿಲ್ಲಿಸಲು ಬರಲಿಲ್ಲ. ಅವ್ವನನ್ನು ನಮ್ಮೂರು ಯಾವಗಲ್ಲಿಗೆ, ನಮ್ಮ ಮನೆಗೆ ತಂದು ಬಿಟ್ಟ. ಎರಡನೆಯ ದಿನ ನಸುಕಿಗೆ ಅವಳೇ ಬಸ್ಸು ಹತ್ತಿ ಹಿಂದಕ್ಕೆ ಹೋದಳು. ನಾನು ಸೆರಗು ಹಿಡಿದೆ. "ಅಲ್ಲಿ ಯಾರೂ ಇಲ್ಲಬೇ, ಕಾಯಾಕತ್ತಾನ" ಎಂದು ಬಿಡಿಸಿಕೊಂಡಳು. ಬಿಡಬಾರದಿತ್ತು ನಾನು.

ಕೊನೆಗೆ ನೆಲ ಅಗೆಸೋಣ ಎಂದು ಗೋಡೆ ಕಟ್ಟುವ ಗೌಂಡಿ ಈಶಪ್ಪನನ್ನು ಕರೆದ. ಈಶಪ್ಪ ನೆಲಕ್ಕೆ ಕೈಯಿಟ್ಟು ನೋಡಿ ಎದ್ದು ನಿಂತ. "ನಾಳೆ ಅಮಾಸಿ ಐತ್ರಿ. ಅದು ಹೋಗ್ಲಿ, ನಾಡದ ಬರ್ತೀನಿ."

ಅಮಾವಾಸ್ಯೆಯ ರಾತ್ರಿ ಮುತ್ತಣ್ಣನ ಹೆಂಡತಿ ನೇತ್ರಾ ಅವನನ್ನು ಅಲುಗಾಡಿಸಿ ಎಬ್ಬಿಸಿದಳು.

"ಏಳ್ರಿ... ಅತ್ತಿ ಹಾಸಿಗ್ಯಾಗಿಲ್ಲ. ಅಟ್ಟದ ಮ್ಯಾಲಿನ ಕಂದೀಲೂ ಇಲ್ಲ."

ಆ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಬಡಿದ, ಕೂಗಿದ. ಕಿವಿ ಕೇಳದವಳಿಗೆ, ಅದೂ ಅಂಥ ಬಾಗಿಲ ಹಿಂದೆ ಇರುವವಳಿಗೆ ಕೂಗಿ ಏನು ಬಂತು? ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಕೇಳಿದ.

ಧಪ್... ಧಪ್... ಧಪ್.

ಆಮೇಲೆ, ಮೊದಲ ಸಲ, ಬೇರೆ ಸಪ್ಪಳ. ಸರ್ರ್... ಸರ್ರ್... ಕಲ್ಲಿನ ಅಂಚಿಗೆ ಹಗ್ಗ ಉಜ್ಜಿದ ಹಾಗೆ. ನಡುನಡುವೆ ಮುದುಕಿಯ ಏದುಸಿರು... ಹುಂ... ಹುಂ...

ಹಾರೆ ತಂದು ಬಾಗಿಲಿಗೆ ಹಾಕಿದ. ಬಾಗಿಲು ಜಗ್ಗಲಿಲ್ಲ. ಗಟ್ಟಿ ಇರಲಿ ಎಂದು ತಾನೇ ನಿಂತು ಮಾಡಿಸಿದ ಬಾಗಿಲು. ಅತ್ತುಕೊಂಡೇ ಹೊಡೆದ. ಅರ್ಧ ತಾಸು ಹಿಡಿಯಿತು. ಅಷ್ಟರಲ್ಲಿ ಒಳಗೆ ಎಲ್ಲ ನಿಂತಿತ್ತು.

ಬಾಗಿಲು ಬಿದ್ದ ಕೂಡಲೇ ಹಗೇವಿನ ಜೋಳದ ವಾಸನೆ ಮುಖಕ್ಕೆ ಬಡಿಯಿತು. ಉಂಡವರಿಗೆ ಗೊತ್ತು, ಆ ಮುಗ್ಗಲು ವಾಸನೆ ಬೇರೆ ಯಾವುದಕ್ಕೂ ಇಲ್ಲ. ಟೈಲ್ಸ್ ಒಂದೂ ಅಲುಗಿರಲಿಲ್ಲ. ಕಂದೀಲು ಆರಿತ್ತು, ಅದರಲ್ಲಿ ಎಣ್ಣೆ ತುಂಬ ಇತ್ತು. ದೊಡ್ಡವ್ವ ನಟ್ಟನಡುವೆ ಕಾಲು ಚಾಚಿ, ಹಿಮ್ಮಡಿ ಊರಿ ಕುಳಿತಿದ್ದಳು. ಜೀವ ಇರಲಿಲ್ಲ.

ಆವತ್ತಿನಿಂದ ಬಡಿತವೂ ಇಲ್ಲ. ಈಶಪ್ಪ ಬಂದ, ನೆಲ ಮಾತ್ರ ಅಗೆಯಲು ಮುತ್ತಣ್ಣ ಬಿಡಲಿಲ್ಲ. ಈಗಲೂ ಆ ಕೋಣೆಗೆ ಅವನು ಕಾಲಿಡುವುದಿಲ್ಲ.

ವಯಸ್ಸಾಗಿತ್ತು, ಉಸಿರು ಕಟ್ಟಿತು, ಅಂತ ನೀವು ಅನ್ನಬಹುದು. ಅನ್ನಿ. ಆದರೆ ಸುದ್ದಿ ಕೇಳಿ ಓಡಿಬಂದು, ಆ ಬೆಳಗ್ಗೆ ದೊಡ್ಡವ್ವನ ಮೈ ತೊಳೆಯುವಾಗ ನೀರು ಹಾಕಿದವಳು ನಾನು. ಬಿಗಿಹಿಡಿದ ಕೈಗಳನ್ನು ನಾನೇ ಬಿಡಿಸಿದೆ. ಎರಡೂ ಅಂಗೈಗಳ ಚರ್ಮ ಅಡ್ಡಕ್ಕೆ ಸುಲಿದು ಹೋಗಿತ್ತು... ಹಸಿ ಗಾಯದಲ್ಲಿ, ಹಿಂದೆ ಹಗ್ಗ ಹೊಸೆಯುತ್ತಿದ್ದ ಪುಂಡಿ ನಾರಿನ ಎಳೆಗಳು ಸಿಕ್ಕಿಕೊಂಡಿದ್ದವು. ಆ ಮನೆಯಲ್ಲಿ ಈಗ ಇರುವುದೆಲ್ಲ ನೈಲಾನ್ ಹಗ್ಗ. ಒಂದೊಂದೇ ಎಳೆ ನಾನೇ ಕಿತ್ತೆ, ಈ ಬೆರಳುಗಳಿಂದ.