ಕೈಬೀಸಿ ಕಳಿಸಿದ ಮೇಲೆ

ಜಪಾನಿನ ಶಿಮಾ ಕಡಲಂಚಿನ ಊರೊಂದರಲ್ಲಿ ಬಸ್ಸಿಗೆ ಕಾಯುತ್ತಿದ್ದ ಚಿಸೆಯ ಪಕ್ಕದಲ್ಲಿ ಅರವತ್ತು ದಾಟಿದ ಗೆಳತಿಯರಿಬ್ಬರು ಬಂದು ಕೂತರು. ಅವರು ವಾರಾಂತ್ಯ ಕಳೆದ ವಸತಿಮನೆಯ ಯಜಮಾನಿ, ಅತಿಥಿಗಳು ಕಣ್ಮರೆಯಾಗುವ ತನಕ ಒಳಗೆ ಹೋಗಬಾರದೆಂಬ ಅಲ್ಲಿನ ಪದ್ಧತಿಯಂತೆ, ದೂರದಲ್ಲಿ ಇನ್ನೂ ಕೈಬೀಸುತ್ತಲೇ ಇದ್ದಳು.

"ಟೊಕಿಯೆ, ನನ್ನ ಕನ್ನಡಕ ಅಲ್ಲೇ ಬಿಟ್ಟೆ ಕಣೇ."

"ಅಯ್ಯೋ ಕಿನುಕೊ! ಅಷ್ಟೊಂದು ಬಗ್ಗಿ ಬಗ್ಗಿ ನಮಸ್ಕಾರ ಮಾಡಿ ಬಂದು, ಯಾವ ಮುಖ ಇಟ್ಕೊಂಡು ವಾಪಸ್ ಹೋಗೋದು?"

"ಇದೇ ಮುಖ."

"ಬಸ್ ಬಂತು. ಇದು ಬಿಟ್ರೆ ಸಂಜೆಗೇ."

"ಬಿಡು. ಅಷ್ಟರಲ್ಲಿ ಇನ್ನೊಂದ್ಸಲ ಸಮುದ್ರಕ್ಕೆ ಇಳಿಯೋಣ. ನಾಳೆಯಿಂದ ಒಸಾಕಾದಲ್ಲಿ ನಿನಗೆ ಅಂಗಡಿ, ನನಗೆ ಮೊಮ್ಮಕ್ಕಳು."

"ಕಳ್ಳಿ! ಬೇಕಂತಲೇ ಬಿಟ್ಟಿದ್ದೀಯ."

"ಹೌದಾ? ನಿನ್ನ ಟೋಪಿ ಎಲ್ಲಿ?"

ಟೊಕಿಯೆ ಬಾಯಿ ಮುಚ್ಚಿಕೊಂಡು ನಕ್ಕಳು.

ಬಸ್ ಹತ್ತಿದ ಚಿಸೆ ಕಿಟಕಿಯಿಂದ ನೋಡಿದಳು. ಇಬ್ಬರೂ ವಾಪಸ್ ಓಡುತ್ತಿದ್ದರು. ಬೀಳ್ಕೊಡುತ್ತಿದ್ದ ಯಜಮಾನಿಯ ಕೈ ಈಗ ಅವರನ್ನು ಕರೆಯುತ್ತಿತ್ತು.