ಟೊಮೇಟೊ ಮಡಿಯಲ್ಲಿ ಸಜ್ಜೆ

ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ಕುಳಿತಿದ್ದ ದರ್ಜಿಯ ಕಿವಿಗೆ ಪಕ್ಕದ ಅತ್ತಿಗೆ-ಮೈದುನರ ಮಾತು ತಾನಾಗಿಯೇ ಬಿತ್ತು. ಅತ್ತಿಗೆ ಉದ್ದನೆಯ ಬಿದಿರು ಕಡ್ಡಿಗಳ ಕಟ್ಟೊಂದನ್ನು ಕಾಲ ಬಳಿ ನಿಲ್ಲಿಸಿಕೊಂಡಿದ್ದಳು.

“ಬೇಸಿಗೆಯಿಡೀ ತರಕಾರಿ ಸಿಪ್ಪೆ ಕೊಳೆಸಿ ಗೊಬ್ಬರ ಮಾಡಿದ್ದು ನಾನು. ಟೊಮೇಟೊ ಮಡಿ ತುಂಬ ಎದ್ದು ನಿಂತಿರೋದು ನಿನ್ನ ಸಜ್ಜೆ.”

“ನಾನೇನು ಬಿತ್ತಿದ್ನಾ ಅತ್ತಿಗೆ? ಗುಬ್ಬಿಗೆ ಹಾಕಿದ್ದು.”

“ಗುಬ್ಬಿ ತಿಂದು ಮಿಕ್ಕಿದ್ದನ್ನ ಗುಡಿಸಿ ನನ್ನ ಗೊಬ್ಬರದ ತೊಟ್ಟಿಗೆ ಸುರಿದೋರು ಯಾರಪ್ಪ?”

“ಕಾಳೂ ಕೊಳೆಯುತ್ತೆ ಅಂದ್ಕೊಂಡೆ.”

“ಮೊಳೆಯದೇ ಇರೋಕೆ ಅದೇನು ನಿನ್ನ ಬುದ್ಧಿಯಾ? ಟೊಮೇಟೊ ಸಸಿಗೆ ಬಿಸಿಲೇ ಬೀಳ್ತಿಲ್ಲ. ಸಜ್ಜೆನೆಲ್ಲಾ ಕಿತ್ತು ಹಾಕ್ತೀನಿ ಅಂತ ನಾನು ಹೇಳಿರಲಿಲ್ವಾ?”

“ತೆನೆ ಈಗ ತಾನೇ ಹಾಲುಗಟ್ಟಿದೆ. ಸ್ವಲ್ಪ ದಿನ ಬಿಟ್ರೆ ಗುಬ್ಬಿಗಳು ತೆನೆ ಮೇಲೇ ಕೂತು ತಿನ್ನುತ್ವೆ.”

“ಓಹೋ, ನಿನ್ನ ನೆಂಟರಿಗೆ ನನ್ನ ಮಡಿಯಲ್ಲೇ ಊಟವೋ?”

ಮೈದುನ ಪೆಚ್ಚಾಗಿ ತಲೆ ತಗ್ಗಿಸಿದ. ಆಗ ಕಡ್ಡಿಗಳ ಮೇಲೆ ಅವನ ಕಣ್ಣು ಬಿತ್ತು.

“ಟೊಮೇಟೊಗೆ ಆಸರೆ ಕೊಡೋಕಾ ಇದು?”

“ಅದಿನ್ನೂ ಗೇಣುದ್ದ ಆಗಿಲ್ಲ.”

“ಮತ್ತೆ?”

ಅತ್ತಿಗೆ ರಸ್ತೆಯ ಕಡೆ ಮುಖ ತಿರುಗಿಸಿದಳು. “ಸಜ್ಜೆ ಗಾಳಿಗೆ ವಾಲ್ತಾ ಇದೆ. ಗುಬ್ಬಿ ಕೂತ್ರೆ ಮುರಿದೇ ಹೋಗುತ್ತೆ.”

ಬಸ್ಸು ಬಂತು. ಮೈದುನ ಕಟ್ಟನ್ನು ಹೆಗಲಿಗೇರಿಸಿದ. ದರ್ಜಿ ಕಾಲು ಮಡಿಸಿ ದಾರಿ ಬಿಟ್ಟ.

“ಹಲ್ಲು ಕಿರೀಬೇಡ, ಹತ್ತು,” ಎಂದಳು ಅತ್ತಿಗೆ.